ಪಂದ್ಯದ ನಡುವೆ ರೋಬೋಟ್ ನಿಂತುಬಿಟ್ಟರೆ: ಮೋಟಾರು ಮತ್ತು ಕಂಟ್ರೋಲರ್ ದೋಷ ಪತ್ತೆಯ ಸಮಗ್ರ ಮಾರ್ಗದರ್ಶಿ

ಫಸ್ಟ್ ಟೆಕ್ ಚಾಲೆಂಜ್ ಮಾದರಿಯ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಒಂದು ಪಂದ್ಯ ಎರಡೂವರೆ ನಿಮಿಷ ಮಾತ್ರ ನಡೆಯುತ್ತದೆ. ಮೊದಲ 30 ಸೆಕೆಂಡು ರೋಬೋಟ್ ತಾನಾಗಿಯೇ ಓಡಬೇಕು, ಉಳಿದ ಎರಡು ನಿಮಿಷ ಚಾಲಕರು ಗೇಮ್‌ಪ್ಯಾಡ್ ಹಿಡಿದು ಓಡಿಸುತ್ತಾರೆ. ಈ ಅವಧಿಯಲ್ಲಿ ರೋಬೋಟ್ ಒಮ್ಮೆ ಸ್ತಬ್ಧವಾದರೆ ಆ ಪಂದ್ಯ ಬಹುಪಾಲು ಕೈತಪ್ಪಿದಂತೆಯೇ. ಅಂಗಣದಿಂದ ಹೊರಬಂದ ತಂಡ ಸಾಮಾನ್ಯವಾಗಿ ಹೇಳುವುದು "ರೋಬೋಟ್ ಹ್ಯಾಂಗ್ ಆಯಿತು" ಎಂಬ ಒಂದೇ ಮಾತು. ಆದರೆ ವಿದ್ಯುತ್ ಕಡಿತ, ವೈಫೈ ಸಂಪರ್ಕ ತಪ್ಪುವುದು, ಪ್ರೋಗ್ರಾಂ ಒಂದೇ ಸಾಲಿನಲ್ಲಿ ಕಾದು ಕೂರುವುದು, ಮೋಟಾರು ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರಿನ ತಂತಿ ಸಡಿಲವಾಗುವುದು ಇವೆಲ್ಲವೂ ಚಾಲಕರ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲು ಯಾವ ಪದರ ನಿಂತಿತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಿಡಿಭಾಗಗಳನ್ನು ಒಂದರ ಹಿಂದೆ ಒಂದು ಬದಲಾಯಿಸುತ್ತಾ ಹೋಗುವುದರಿಂದ ಸಮಯ ವ್ಯರ್ಥವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ದೋಷ ತಾತ್ಕಾಲಿಕವಾಗಿ ಮರೆಯಾಗಿ ಮುಖ್ಯ ಪಂದ್ಯದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಬರಹವು ಪ್ರೋಗ್ರಾಂ ಓಡಿಸಿ ಮೋಟಾರುಗಳನ್ನು ನಿಯಂತ್ರಿಸುವ ರೆವ್ ಕಂಟ್ರೋಲ್ ಹಬ್, ಹೆಚ್ಚುವರಿ ಪೋರ್ಟುಗಳಿಗಾಗಿ ಅದಕ್ಕೆ ಜೋಡಿಸಿದ ಎಕ್ಸ್‌ಪಾನ್ಷನ್ ಹಬ್ ಮತ್ತು ಚಾಲಕರ ಕೈಯಲ್ಲಿರುವ, ಪರದೆಯುಳ್ಳ ಡ್ರೈವರ್ ಸ್ಟೇಷನ್ ಇರುವ ರೋಬೋಟನ್ನು ಗಮನದಲ್ಲಿಟ್ಟುಕೊಂಡಿದೆ. ಬೇರೆ ನಿಯಂತ್ರಕ ಬಳಸುವವರಿಗೆ ಅಂಕಿಅಂಶಗಳು ಬದಲಾದರೂ ಪತ್ತೆಯ ಕ್ರಮ ಬದಲಾಗುವುದಿಲ್ಲ.

ಹಂತ 1: ರೋಬೋಟ್ ಹೇಗೆ ನಿಂತಿತು ಎಂಬುದನ್ನು ಮೊದಲು ಬರೆದಿಡಿ

ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಮೋಟಾರುಗಳು ಏನು ಮಾಡುತ್ತಿದ್ದವು ಎಂಬುದೇ ಅತ್ಯಂತ ಬೆಲೆಬಾಳುವ ಸುಳಿವು. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಹಬ್‌ಗೆ ಹೊಸ ಆಜ್ಞೆ ಬರುವುದಿಲ್ಲ, ಆದರೆ ಕೊನೆಯ ಆಜ್ಞೆ ಹಾಗೆಯೇ ಉಳಿದಿರುತ್ತದೆ. ಹೀಗಾಗಿ ಮುಂದಕ್ಕೆ ಓಡುತ್ತಿದ್ದ ರೋಬೋಟ್ ಗೋಡೆಗೆ ಬಡಿದ ಮೇಲೂ ಚಕ್ರ ತಿರುಗಿಸುತ್ತಲೇ ಇರುತ್ತದೆ. ಹಬ್‌ಗೆ ವಿದ್ಯುತ್ ತಪ್ಪಿದ್ದರೆ ಎಲ್ಲವೂ ಅದೇ ಕ್ಷಣ ಸತ್ತುಹೋಗುತ್ತದೆ. ಹಬ್ ಮತ್ತು ಪ್ರೋಗ್ರಾಂ ಓಡುವ ಪ್ರೊಸೆಸರ್ ನಡುವಿನ ಸಂಪರ್ಕ ತಪ್ಪಿದ್ದರೆ ಮೋಟಾರುಗಳು ಸುಮಾರು ಎರಡೂವರೆ ಸೆಕೆಂಡು ಹಳೆಯ ವೇಗದಲ್ಲೇ ಓಡಿ, ಬಳಿಕ ಹಬ್ ತನ್ನ ಸುರಕ್ಷತಾ ಸ್ಥಿತಿಗೆ ಹೋಗಿ ಅವನ್ನು ನಿಲ್ಲಿಸುತ್ತದೆ. ಡ್ರೈವರ್ ಸ್ಟೇಷನ್ ಜೊತೆಗಿನ ವೈಫೈ ತಪ್ಪಿದರೂ ಕೆಲವು ಕ್ಷಣಗಳ ನಂತರ ಪ್ರೋಗ್ರಾಂ ನಿಲ್ಲಿಸಲ್ಪಡುತ್ತದೆ, ಆದರೆ ಆಗ ಪರದೆಯ ಮೇಲೆ ಸಂಪರ್ಕ ತಪ್ಪಿದ ಸೂಚನೆ ಸ್ಪಷ್ಟವಾಗಿ ಕಾಣುತ್ತದೆ.

ಹಾಗಾಗಿ ತಂಡದ ಒಬ್ಬ ಸದಸ್ಯರಿಗೆ ಪಂದ್ಯದುದ್ದಕ್ಕೂ ರೋಬೋಟಿನ ಹಬ್ ದೀಪವನ್ನೂ ಡ್ರೈವರ್ ಸ್ಟೇಷನ್ನಿನ ಪರದೆಯನ್ನೂ ನೋಡುವ ಕೆಲಸ ವಹಿಸುವುದು ಒಳಿತು. ಹಬ್ ದೀಪ ಹಸಿರಾಗಿದ್ದರೆ ಸಂವಹನ ಸರಿಯಾಗಿದೆ; ಆ ಹಸಿರಿನ ನಡುವೆ ಆಗಾಗ ಬರುವ ನೀಲಿ ಮಿಣುಕು ಹಬ್‌ನ ವಿಳಾಸವನ್ನು ತಿಳಿಸುತ್ತದೆಯೇ ಹೊರತು ದೋಷವನ್ನಲ್ಲ. ಬರೀ ನೀಲಿ ಮಿನುಗುತ್ತಿದ್ದರೆ ಪ್ರೊಸೆಸರಿನೊಡನೆ ಹಬ್‌ನ ಸಂಪರ್ಕವೇ ತಪ್ಪಿದೆ. ಕಿತ್ತಳೆ ಮಿನುಗಿದರೆ ಬ್ಯಾಟರಿಯ ವೋಲ್ಟೇಜು 7 ವೋಲ್ಟ್‌ಗಿಂತ ಕೆಳಗಿಳಿದಿದೆ. ಪಂದ್ಯದ ವಿಡಿಯೋವನ್ನು ಹಬ್ ಕಾಣುವ ಕೋನದಿಂದ ತೆಗೆದಿಟ್ಟುಕೊಂಡರೆ ಆಮೇಲೆ ಯಾರ ನೆನಪು ಸರಿ ಎಂಬ ವಾದವೇ ಬೇಕಾಗುವುದಿಲ್ಲ.

ರೋಬೋಟನ್ನು ಆಫ್ ಮಾಡಿ ಆನ್ ಮಾಡುವ ಆತುರ ಸಹಜ. ಪಂದ್ಯದ ನಡುವೆ ಅದು ಸಾಧ್ಯವಿಲ್ಲ, ಪಂದ್ಯದ ನಂತರ ಅದರ ಅಗತ್ಯವಿಲ್ಲ. ಅದರ ಬದಲು ಕಂಟ್ರೋಲ್ ಹಬ್‌ನ ವೈಫೈಗೆ ಲ್ಯಾಪ್‌ಟಾಪ್ ಜೋಡಿಸಿ, ಬ್ರೌಸರಿನಲ್ಲಿ 192.168.43.1:8080 ವಿಳಾಸವನ್ನು ತೆರೆದು, ನಿರ್ವಹಣೆಯ ಪುಟದಿಂದ ನಡೆದದ್ದೆಲ್ಲ ಸಮಯದೊಡನೆ ದಾಖಲಾಗಿರುವ ಲಾಗ್ ಕಡತವನ್ನು ಇಳಿಸಿಕೊಳ್ಳಬೇಕು. ದೋಷ ಸಂಭವಿಸಿದ ಗಡಿಯಾರದ ಸಮಯ ಗೊತ್ತಿದ್ದರೆ ಸಾವಿರಾರು ಸಾಲುಗಳ ನಡುವೆ ಬೇಕಾದ ಜಾಗ ಬೇಗ ಸಿಗುತ್ತದೆ.

ಹಂತ 2: ಪ್ರೋಗ್ರಾಂಗೆ ಒಂದು ನಾಡಿಮಿಡಿತ ಕೊಡಿ

ಪ್ರೋಗ್ರಾಮಿನ ಮುಖ್ಯ ಲೂಪ್ (ಮತ್ತೆ ಮತ್ತೆ ಓಡುವ ಕೋಡ್ ಭಾಗ) ಪ್ರತಿ ಸುತ್ತು ಮುಗಿಸಿದಾಗ ಒಂದರಂತೆ ಏರುವ ಎಣಿಕೆಯನ್ನೂ, ಆ ಸುತ್ತಿಗೆ ಹಿಡಿದ ಮಿಲಿಸೆಕೆಂಡುಗಳನ್ನೂ ಟೆಲಿಮೆಟ್ರಿಯಲ್ಲಿ, ಅಂದರೆ ರೋಬೋಟ್ ಡ್ರೈವರ್ ಸ್ಟೇಷನ್ನಿನ ಪರದೆಗೆ ಕಳುಹಿಸುವ ಮಾಹಿತಿಯಲ್ಲಿ, ತೋರಿಸಿ. ಇದಕ್ಕೆ ಮೂರು ನಾಲ್ಕು ಸಾಲು ಕೋಡ್ ಸಾಕು, ಆದರೆ ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಸೂಚಿಸುವುದು ಇದನ್ನೇ. ರೋಬೋಟ್ ಸ್ತಬ್ಧವಾದಾಗ ಎಣಿಕೆ ಏರುತ್ತಲೇ ಇದ್ದರೆ ಪ್ರೋಗ್ರಾಂ ಬದುಕಿದೆ; ದೋಷ ಗೇಮ್‌ಪ್ಯಾಡಿನಲ್ಲಿ, ಮೋಟಾರಿನಲ್ಲಿ ಅಥವಾ ತಂತಿಯಲ್ಲಿ ಇದೆ. ಎಣಿಕೆ ನಿಂತಿದ್ದು ಬ್ಯಾಟರಿ ವೋಲ್ಟೇಜು ಮತ್ತು ಪಿಂಗ್ ಸಮಯ (ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು) ಮಾತ್ರ ಬದಲಾಗುತ್ತಿದ್ದರೆ ಸಂಪರ್ಕ ಚೆನ್ನಾಗಿದೆ, ಆದರೆ ಪ್ರೋಗ್ರಾಂ ಎಲ್ಲೋ ಕಾಯುತ್ತಿದೆ. ಪರದೆಯಲ್ಲಿ ಯಾವುದೂ ಬದಲಾಗದಿದ್ದರೆ ಸಂಪರ್ಕ ಅಥವಾ ವಿದ್ಯುತ್ತಿನ ಕಡೆ ನೋಡಬೇಕು. ಟೆಲಿಮೆಟ್ರಿ ಸಾಮಾನ್ಯವಾಗಿ 250 ಮಿಲಿಸೆಕೆಂಡಿಗೊಮ್ಮೆ ಮಾತ್ರ ರವಾನೆಯಾಗುವುದರಿಂದ ಎಣಿಕೆ ಹತ್ತಿಪ್ಪತ್ತರ ಜಿಗಿತದಲ್ಲಿ ಏರುವುದು ಸಹಜ. ಅದನ್ನು ದೋಷವೆಂದು ಭಾವಿಸಬಾರದು.

ಹಂತ 3: ವಿದ್ಯುತ್ ದಾರಿಯನ್ನು ಬ್ಯಾಟರಿಯಿಂದ ಹಬ್‌ವರೆಗೆ ಹಿಂಬಾಲಿಸಿ

ಪೂರ್ತಿ ಚಾರ್ಜ್ ಆದ 12 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಹೊರೆಯಿಲ್ಲದಾಗ 13 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಈ ಅಂಕಿ ನೋಡಿ ಸಮಾಧಾನಪಡುವುದು ಸರಿಯಲ್ಲ. ರೆವ್ ಎಚ್‌ಡಿ ಹೆಕ್ಸ್ ಮೋಟಾರು ತಿರುಗಲಾಗದೆ ಸಿಕ್ಕಿಕೊಂಡಾಗ 8.5 ಆಂಪಿಯರ್ ಎಳೆಯುತ್ತದೆ. ಎದುರಾಳಿ ರೋಬೋಟನ್ನು ತಳ್ಳುವಾಗ ನಾಲ್ಕು ಚಕ್ರಗಳೂ ಹಾಗೆ ಸಿಕ್ಕಿಕೊಂಡರೆ ಬೇಡಿಕೆ 34 ಆಂಪಿಯರ್, ಬ್ಯಾಟರಿಯ ಫ್ಯೂಸ್ ಇರುವುದು 20 ಆಂಪಿಯರ್. ಫ್ಯೂಸ್ ಸುಡಲು ಒಂದಿಷ್ಟು ಹೊತ್ತು ಬೇಕು, ವೋಲ್ಟೇಜು ಕುಸಿಯಲು ಬೇಡ. ಆದ್ದರಿಂದ ಪಂದ್ಯದಲ್ಲಿ ಕಂಡ ಕನಿಷ್ಠ ವೋಲ್ಟೇಜನ್ನು ಪ್ರೋಗ್ರಾಂ ನೆನಪಿಟ್ಟುಕೊಂಡು ಟೆಲಿಮೆಟ್ರಿಯಲ್ಲಿ ತೋರಿಸುವಂತೆ ಮಾಡುವುದು ಉಪಯುಕ್ತ. ವಿಶ್ರಾಂತಿಯಲ್ಲಿ ಒಂದೇ ವೋಲ್ಟೇಜು ತೋರಿಸುವ ಎರಡು ಬ್ಯಾಟರಿಗಳು ಹೊರೆಯ ಅಡಿಯಲ್ಲಿ ಬೇರೆ ಬೇರೆಯಾಗಿ ವರ್ತಿಸಿದರೆ, ಹೆಚ್ಚು ಕುಸಿಯುವುದು ಹಳತಾಗಿದೆ ಎಂದರ್ಥ. ಅದನ್ನು ಗುರುತು ಹಾಕಿ ಅಭ್ಯಾಸಕ್ಕೆ ಮೀಸಲಿಡಿ.

ಬ್ಯಾಟರಿ ಚೆನ್ನಾಗಿದ್ದರೂ ಹಬ್ ಮರುಪ್ರಾರಂಭವಾಗುತ್ತಿದ್ದರೆ ನಡುವಿನ ಜೋಡಣೆಗಳನ್ನು ಸಂದೇಹಿಸಬೇಕು. ವಿದ್ಯುತ್ ತಂತಿಗಳನ್ನು ಜೋಡಿಸುವ ಎಕ್ಸ್‌ಟಿ30 ಕನೆಕ್ಟರಿನ ಗಂಡು ಪಿನ್ನುಗಳು ನಡುವೆ ಸೀಳಿರುತ್ತವೆ. ಬಳಕೆಯಿಂದ ಆ ಸೀಳು ಮುಚ್ಚಿಕೊಂಡು ಹಿಡಿತ ಸಡಿಲವಾಗುತ್ತದೆ. ಚಕ್ರಗಳು ನೆಲ ಮುಟ್ಟದಂತೆ ರೋಬೋಟನ್ನು ಎತ್ತಿ ನಿಲ್ಲಿಸಿ, ಪ್ರೋಗ್ರಾಂ ಓಡುತ್ತಿರುವಾಗ ಪ್ರತಿಯೊಂದು ಕನೆಕ್ಟರನ್ನೂ ಬೆರಳಿನಿಂದ ಮೆಲ್ಲನೆ ಅಲುಗಾಡಿಸಿ ನೋಡಿ. ಯಾವುದನ್ನು ಮುಟ್ಟಿದಾಗ ದೀಪ ಕಂಪಿಸುತ್ತದೋ ಅಲ್ಲೇ ದೋಷವಿದೆ. ಬ್ಯಾಟರಿ ತೆಗೆದ ಮೇಲೆಯೇ ತೆಳ್ಳನೆಯ ಬ್ಲೇಡಿನಿಂದ ಆ ಪಿನ್ನಿನ ಸೀಳನ್ನು ತುಸು ಅಗಲಿಸಬಹುದು, ಆದರೆ ಪದೇಪದೇ ಹಾಗೆ ಮಾಡಬೇಕಾಗಿ ಬಂದರೆ ಕೇಬಲನ್ನೇ ಬದಲಿಸುವುದು ಮೇಲು. ಮುಖ್ಯ ಸ್ವಿಚ್ಚನ್ನೂ ಹೀಗೆಯೇ ಪರೀಕ್ಷಿಸಿ. ಇನ್ನೊಂದು ರೋಬೋಟಿನ ಹೊಡೆತ ಬೀಳುವ ಜಾಗದಲ್ಲಿ ಸ್ವಿಚ್ ಇದ್ದರೆ ಅದು ಒಂದು ದಿನ ಆಫ್ ಆಗಿಯೇ ಆಗುತ್ತದೆ.

ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರುಗಳಾದ ಸರ್ವೋಗಳ ಮಾತು ಸ್ವಲ್ಪ ಬೇರೆ. ಹಬ್‌ನಲ್ಲಿ ಎರಡೆರಡು ಸರ್ವೋ ಪೋರ್ಟುಗಳು ಸೇರಿ ಸುಮಾರು 2 ಆಂಪಿಯರ್ ಹಂಚಿಕೊಳ್ಳುತ್ತವೆ. ಒಂದು ಸರ್ವೋ ಲೋಹದ ತಡೆಗೆ ಒತ್ತಿಕೊಂಡು ನಿಂತರೆ ಅದರ ಜೊತೆಗಾರ ಸರ್ವೋ ಬಲಗುಂದುತ್ತದೆ. ಹೆಚ್ಚು ಹೊರೆ ಹೊರುವ ಸರ್ವೋಗಳನ್ನು ಬೇರೆ ಬೇರೆ ಜೋಡಿಗಳಿಗೆ ಹಂಚಿ.

ಹಂತ 4: ಸಂಪರ್ಕ ಮತ್ತು ಸ್ಥಾಯೀ ವಿದ್ಯುತ್

ಪಿಂಗ್ ಸಮಯ ಒಮ್ಮೆಲೇ ಏರಿಳಿಯುತ್ತಿದ್ದರೆ ವೈಫೈ ಚಾನೆಲ್ ಕಿಕ್ಕಿರಿದಿರಬಹುದು. ನಿರ್ವಹಣೆಯ ಪುಟದಲ್ಲಿ 5 ಗಿಗಾಹರ್ಟ್ಸ್ ಚಾನೆಲ್ ಆಯ್ದು ನೋಡಿ, ಸ್ಪರ್ಧೆಯ ಸ್ಥಳದಲ್ಲಾದರೆ ಸಂಘಟಕರು ಗೊತ್ತುಮಾಡಿದ ಚಾನೆಲ್ಲನ್ನೇ ಬಳಸಿ. ಕಂಟ್ರೋಲ್ ಹಬ್ಬನ್ನು ಸುತ್ತಲೂ ಲೋಹದ ತಗಡುಗಳ ನಡುವೆ ಹುದುಗಿಸಿದ್ದರೆ ಯಾವ ಚಾನೆಲ್ಲೂ ಸಾಲದು.

ಒಣ ಹವೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ, ಗೋಡೆಯನ್ನೋ ಇನ್ನೊಂದು ರೋಬೋಟನ್ನೋ ಮುಟ್ಟಿದ ಕ್ಷಣಕ್ಕೇ ಸಂಭವಿಸುವ ಸ್ತಬ್ಧತೆಗೆ ಕಾರಣ ಬಹುತೇಕ ಸ್ಥಾಯೀ ವಿದ್ಯುತ್. ಫೋಮ್ ಹಾಸಿನ ಮೇಲೆ ಚಕ್ರಗಳು ಉಜ್ಜಿದಾಗ, ಅದರಲ್ಲೂ ಪಕ್ಕಕ್ಕೆ ಜಾರುವ ಮೆಕನಮ್ ಚಕ್ರಗಳು ಉಜ್ಜಿದಾಗ, ರೋಬೋಟಿನ ಚೌಕಟ್ಟಿನ ಮೇಲೆ ವಿದ್ಯುದಂಶ ಶೇಖರವಾಗುತ್ತದೆ. ಲೋಹ ತಾಗಿದೊಡನೆ ಅದು ಸಿಡಿದು, ದಾರಿಯಲ್ಲಿ ಸಿಕ್ಕ ಯುಎಸ್‌ಬಿ ಅಥವಾ ಸೆನ್ಸರ್ ತಂತಿಯ ಮೂಲಕ ಹಬ್‌ಗೆ ನುಗ್ಗುತ್ತದೆ. ಪರಿಹಾರದ ಕ್ರಮ ಹೀಗಿದೆ. ತಂತಿಗಳನ್ನು ಚೌಕಟ್ಟಿನ ಲೋಹದಿಂದ ದೂರ ಸಾಗಿಸಿ, ತುದಿ ತೆರೆದಿರುವ ಪಿನ್ನುಗಳನ್ನು ಮುಚ್ಚಿ. ಎರಡು ಹಬ್‌ಗಳ ನಡುವೆ ಯುಎಸ್‌ಬಿ ಬದಲು ಆರ್‌ಎಸ್‌485 ಎಂಬ ಸಂವಹನ ಪೋರ್ಟಿನ ತಂತಿ ಬಳಸಿ. ಯುಎಸ್‌ಬಿ ತಂತಿ ಅನಿವಾರ್ಯವಾದಲ್ಲಿ ಅದಕ್ಕೆ ಫೆರೈಟ್ ಚೋಕ್ (ವಿದ್ಯುತ್ ಗದ್ದಲ ತಡೆಯುವ ಉಂಗುರ) ಹಾಕಿ. ಚೌಕಟ್ಟಿನಿಂದ ಹಬ್‌ಗೆ ಪ್ರತಿರೋಧಕವಿರುವ ಗ್ರೌಂಡಿಂಗ್ ಪಟ್ಟಿ ಜೋಡಿಸಿ. ಬರಿಯ ತಂತಿಯಿಂದ ಚೌಕಟ್ಟನ್ನು ಬ್ಯಾಟರಿಯ ಋಣ ತುದಿಗೆ ಸೇರಿಸುವ ಉಪಾಯ ನಿಯಮಕ್ಕೂ ವಿರುದ್ಧ, ಹಬ್‌ಗೂ ಅಪಾಯ. ವೆಬ್‌ಕ್ಯಾಮ್ ಇದ್ದರೆ ಅದನ್ನು ಕಂಟ್ರೋಲ್ ಹಬ್‌ನ ಯುಎಸ್‌ಬಿ 3.0 ಪೋರ್ಟಿಗೇ ಜೋಡಿಸಬೇಕು, ಏಕೆಂದರೆ ವೈಫೈ ರೇಡಿಯೋ ಇರುವುದು 2.0 ಪೋರ್ಟಿನ ದತ್ತಾಂಶ ಮಾರ್ಗದಲ್ಲೇ. ಆ ಪೋರ್ಟಿಗೆ ಸಿಕ್ಕಿಸಿದ ಕ್ಯಾಮೆರಾಕ್ಕೆ ತಗುಲಿದ ಕಿಡಿ ವೈಫೈಯನ್ನೇ ಬೀಳಿಸಬಲ್ಲದು.

ಹಂತ 5: ಪ್ರೋಗ್ರಾಂ ಎಲ್ಲಿ ಕಾಯುತ್ತಿದೆ?

ನಾಡಿಮಿಡಿತ ನಿಂತಿದ್ದರೆ ಕೋಡಿನೊಳಗೆ ಇರುವ ಪ್ರತಿಯೊಂದು ಒಳ ಲೂಪನ್ನೂ ಪ್ರತಿಯೊಂದು ಸ್ಲೀಪ್ ಸಾಲನ್ನೂ ಹುಡುಕಿ ಪಟ್ಟಿ ಮಾಡಿ. ಹೊಸ ತಂಡಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು: ಚಾಲಕ ಗುಂಡಿ ಒತ್ತಿದಾಗ ತೋಳನ್ನು ರನ್ ಟು ಪೊಸಿಷನ್ (ಗೊತ್ತುಮಾಡಿದ ಎನ್‌ಕೋಡರ್ ಎಣಿಕೆಯವರೆಗೆ ಓಡುವ) ವಿಧಾನದಲ್ಲಿ ಮೇಲಕ್ಕೆ ಕಳುಹಿಸಿ, "ಮೋಟಾರು ಬ್ಯುಸಿ ಇರುವವರೆಗೆ ಕಾಯಿ" ಎಂಬ ಖಾಲಿ ಲೂಪನ್ನು ಬರೆದಿರುತ್ತಾರೆ. ಕಾರ್ಯಾಗಾರದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಪಂದ್ಯದಲ್ಲಿ ತೋಳು ಯಾವುದಕ್ಕೋ ತಗುಲಿ ಗುರಿಗಿಂತ ಇಪ್ಪತ್ತು ಎಣಿಕೆ ಹಿಂದೆ ನಿಂತರೆ ಮೋಟಾರು ಎಂದಿಗೂ ಗುರಿ ಮುಟ್ಟುವುದಿಲ್ಲ, ಲೂಪ್ ಎಂದಿಗೂ ಮುಗಿಯುವುದಿಲ್ಲ. ಆ ಹೊತ್ತಿಗೆ ಚಕ್ರಗಳಿಗೆ ಕೊಟ್ಟಿದ್ದ ವೇಗ ಹಾಗೆಯೇ ಉಳಿದಿರುತ್ತದೆ, ಗೇಮ್‌ಪ್ಯಾಡನ್ನು ಓದುವವರು ಯಾರೂ ಇಲ್ಲ. ಚಾಲಕರು ಕಂಟ್ರೋಲರ್ ಹ್ಯಾಂಗ್ ಆಯಿತೆಂದು ಹಬ್ಬನ್ನು ದೂರುತ್ತಾರೆ; ಹಬ್ ಮಾತ್ರ ತನಗೆ ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡುತ್ತಿರುತ್ತದೆ.

ಇದಕ್ಕೆ ಸರಿಯಾದ ಪರಿಹಾರವೆಂದರೆ ಚಾಲಕ ನಿಯಂತ್ರಿತ ಪ್ರೋಗ್ರಾಮಿನಲ್ಲಿ ಒಂದೇ ಒಂದು ಲೂಪ್ ಇರಿಸಿ, ತೋಳಿಗೆ "ಕೆಳಗಿದೆ", "ಏರುತ್ತಿದೆ", "ಮೇಲಿದೆ" ಎಂಬಂತಹ ಸ್ಥಿತಿಗಳನ್ನು ಕೊಟ್ಟು, ಪ್ರತಿ ಸುತ್ತಿನಲ್ಲೂ ಸ್ಥಿತಿಯನ್ನು ನೋಡಿ ಮುಂದಿನ ಆಜ್ಞೆಯನ್ನಷ್ಟೇ ಕೊಟ್ಟು ಹೊರಬರುವುದು. ಏರಲು ಗೊತ್ತುಪಡಿಸಿದ ಸಮಯ ಮೀರಿದರೆ ಪವರ್ ಇಳಿಸಿ ಚಾಲಕರಿಗೆ ತಿಳಿಸುವ ಒಂದು ಟೈಮರ್ ಕೂಡ ಇರಲಿ. ಸ್ವಯಂಚಾಲಿತ ಅವಧಿಯ ಪ್ರೋಗ್ರಾಮಿನಲ್ಲಿ ಕಾಯುವ ಲೂಪುಗಳನ್ನು ಬಳಸಬಹುದು, ಆದರೆ ಅವುಗಳ ಷರತ್ತಿನಲ್ಲಿ ಓಪ್‌ಮೋಡ್ (ಆಗ ಓಡುತ್ತಿರುವ ಪ್ರೋಗ್ರಾಂ) ಇನ್ನೂ ಸಕ್ರಿಯವಾಗಿದೆಯೇ ಎಂಬ ಪರೀಕ್ಷೆ ಕಡ್ಡಾಯವಾಗಿ ಇರಬೇಕು. ಸ್ಟಾಪ್ ಒತ್ತಿದ ಮೇಲೂ ಕೋಡ್ ಸುಮಾರು ಒಂದು ಸೆಕೆಂಡಿನೊಳಗೆ ಹೊರಬರದಿದ್ದರೆ ವ್ಯವಸ್ಥೆ ಅದನ್ನು ಸಿಕ್ಕಿಬಿದ್ದ ಪ್ರೋಗ್ರಾಂ ಎಂದು ಪರಿಗಣಿಸಿ ರೋಬೋಟ್ ಕಂಟ್ರೋಲರ್ ಆ್ಯಪನ್ನೇ ಮರುಪ್ರಾರಂಭಿಸುತ್ತದೆ. ಸ್ವಯಂಚಾಲಿತ ಅವಧಿಯಿಂದ ಚಾಲಕ ಅವಧಿಗೆ ದಾಟುವ ಹೊತ್ತಿನಲ್ಲೇ ರೋಬೋಟ್ ಹಲವು ಸೆಕೆಂಡು ಮಾಯವಾಗುತ್ತಿದ್ದರೆ ಮೊದಲು ಇದನ್ನೇ ಪರಿಶೀಲಿಸಿ.

ಎಣಿಕೆ ನಿಲ್ಲದೆ, ಸುತ್ತಿನ ಸಮಯ ಮಾತ್ರ ಹಿಗ್ಗಿ ಹಿಗ್ಗಿ ರೋಬೋಟ್ ತಡವಾಗಿ ಪ್ರತಿಕ್ರಿಯಿಸುವುದು ಇನ್ನೊಂದು ಬಗೆ. ಹಬ್‌ನಿಂದ ಪ್ರತಿಯೊಂದು ಮೌಲ್ಯವನ್ನು ಓದಲು ಎರಡು ಮೂರು ಮಿಲಿಸೆಕೆಂಡು ಬೇಕು, ಬಣ್ಣ, ದೂರ ಅಳೆಯುವಂತಹ ಐ ಟು ಸಿ ಸೆನ್ಸರುಗಳಿಗೆ ಇನ್ನೂ ಹೆಚ್ಚು. ಒಂದೇ ಸುತ್ತಿನಲ್ಲಿ ಅದೇ ಎನ್‌ಕೋಡರನ್ನು ಐದು ಕಡೆ ಓದುವ ಕೋಡ್ ಐದು ಪಟ್ಟು ಬೆಲೆ ತೆರುತ್ತದೆ. ಒಮ್ಮೆ ಓದಿ ಚರಾಂಕದಲ್ಲಿಟ್ಟುಕೊಳ್ಳಿ, ಮತ್ತು ಬಲ್ಕ್ ರೀಡ್ ಸೌಲಭ್ಯವನ್ನು ಆಟೋ ಸ್ಥಿತಿಗೆ ಹಾಕಿ. ಆಗ ಹಬ್‌ನ ಎಲ್ಲ ಎನ್‌ಕೋಡರ್, ಡಿಜಿಟಲ್ ಮತ್ತು ಅನಲಾಗ್ ಮೌಲ್ಯಗಳು ಒಂದೇ ವಿನಂತಿಯಲ್ಲಿ ಬರುತ್ತವೆ. ಬಣ್ಣ ಮತ್ತು ದೂರದ ಸೆನ್ಸರುಗಳಿಗೆ ಈ ಸೌಲಭ್ಯ ಅನ್ವಯಿಸದ ಕಾರಣ, ಅವನ್ನು ಬೇಕಾದಾಗ ಮಾತ್ರ ಓದಬೇಕು.

ಹಂತ 6: ಮೋಟಾರು ಮತ್ತು ಎನ್‌ಕೋಡರ್

ನಾಡಿಮಿಡಿತದ ಎಣಿಕೆ ಏರುತ್ತಿದ್ದು, ಒಂದೇ ಮೋಟಾರು ತಿರುಗದಿದ್ದರೆ ಅದಲುಬದಲು ಪರೀಕ್ಷೆಯಷ್ಟು ವೇಗದ ದಾರಿ ಬೇರಿಲ್ಲ. ಆ ಮೋಟಾರಿನ ತಂತಿಯನ್ನು ಚೆನ್ನಾಗಿ ಓಡುತ್ತಿರುವ ಮೋಟಾರಿನ ಪೋರ್ಟಿಗೆ ಹಾಕಿ. ದೋಷ ಮೋಟಾರಿನ ಜೊತೆ ಬಂದರೆ ಮೋಟಾರು ಅಥವಾ ತಂತಿ ಕೆಟ್ಟಿದೆ, ಪೋರ್ಟಿನಲ್ಲೇ ಉಳಿದರೆ ಹಬ್ ಅಥವಾ ಕಾನ್ಫಿಗರೇಷನ್ ತಪ್ಪಿದೆ. ಒಂದು ಬಾರಿಗೆ ಒಂದನ್ನೇ ಬದಲಿಸಿ; ಮೋಟಾರನ್ನೂ ತಂತಿಯನ್ನೂ ಒಟ್ಟಿಗೆ ಬದಲಿಸಿದವರಿಗೆ ಯಾವುದು ಕೆಟ್ಟಿತ್ತೆಂದು ಕೊನೆಗೂ ಗೊತ್ತಾಗುವುದಿಲ್ಲ.

ಮೋಟಾರು ತಿರುಗುತ್ತದೆ ಆದರೆ ನಡುಗುತ್ತದೆ, ಗುಂಯ್‌ಗುಡುತ್ತದೆ ಎಂದಾದರೆ ಕೋಡಿನಲ್ಲಿ ಅದೇ ಮೋಟಾರಿಗೆ ಎರಡು ಕಡೆಯಿಂದ ಪವರ್ ಹೋಗುತ್ತಿದೆಯೇ ನೋಡಿ. ಎ ಗುಂಡಿ ಒತ್ತಿದ್ದರೆ ಪವರ್ 1, ಇಲ್ಲದಿದ್ದರೆ 0 ಎಂದು ಬರೆದು, ಅದರ ಕೆಳಗೇ ಬಿ ಗುಂಡಿ ಒತ್ತಿದ್ದರೆ ಪವರ್ ಮೈನಸ್ 1, ಇಲ್ಲದಿದ್ದರೆ 0 ಎಂದು ಬರೆದರೆ, ಎ ಒತ್ತಿದಾಗ ಪ್ರತಿ ಸುತ್ತಿನಲ್ಲೂ ಮೋಟಾರಿಗೆ 1 ಮತ್ತು 0 ಒಂದರ ಬೆನ್ನಿಗೆ ಒಂದು ಹೋಗುತ್ತವೆ. ಪ್ರತಿ ಸುತ್ತಿನ ಕೊನೆಯಲ್ಲಿ ಪವರನ್ನು ಒಂದೇ ಕಡೆ, ಒಂದೇ ಬಾರಿ ಬರೆಯುವ ಪದ್ಧತಿ ಇಟ್ಟುಕೊಂಡರೆ ಈ ಜಾತಿಯ ದೋಷ ಹುಟ್ಟುವುದೇ ಇಲ್ಲ. ಮೋಟಾರಿನ ರನ್ ಮೋಡನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಹಾಕುವುದು, ಅದರಲ್ಲೂ ಎನ್‌ಕೋಡರ್ ಸೊನ್ನೆ ಮಾಡುವ ಮೋಡನ್ನು ಲೂಪಿನೊಳಗೆ ಮರೆತು ಬಿಡುವುದು, ಇದೇ ರೀತಿಯ ನಡುಕಕ್ಕೆ ಇನ್ನೊಂದು ಕಾರಣ.

ನಿಧಾನವಾಗಿ ಹೋಗಬೇಕಾದ ಮೋಟಾರು ಏಕಾಏಕಿ ಪೂರ್ಣ ವೇಗಕ್ಕೇರಿದರೆ ಎನ್‌ಕೋಡರನ್ನು ಸಂದೇಹಿಸಿ. ರನ್ ಯೂಸಿಂಗ್ ಎನ್‌ಕೋಡರ್ ವಿಧಾನದಲ್ಲಿ ಹಬ್ ಅಳೆದ ವೇಗವನ್ನು ಕೇಳಿದ ವೇಗದೊಡನೆ ಹೋಲಿಸಿ ಪವರ್ ಹೊಂದಿಸುತ್ತದೆ; ತಂತಿ ಕಳಚಿದ್ದರೆ ಅಳತೆ ಸದಾ ಸೊನ್ನೆ, ಹಾಗಾಗಿ ಹಬ್ ಇನ್ನಷ್ಟು ಮತ್ತಷ್ಟು ಎಂದು ಪವರ್ ಏರಿಸುತ್ತಲೇ ಹೋಗುತ್ತದೆ. ಎನ್‌ಕೋಡರಿನ ದಿಕ್ಕು ಮೋಟಾರಿನ ದಿಕ್ಕಿಗೆ ವಿರುದ್ಧವಾಗಿದ್ದರೂ ಫಲಿತಾಂಶ ಇದೇ. ಪರೀಕ್ಷೆ ಸರಳ: ಮೋಟಾರಿಗೆ ಪವರ್ ಕೊಡದೆ, ಟೆಲಿಮೆಟ್ರಿಯಲ್ಲಿ ಎನ್‌ಕೋಡರ್ ಎಣಿಕೆಯನ್ನು ನೋಡುತ್ತಾ ಚಕ್ರವನ್ನು ಕೈಯಿಂದ ಸರಿಯಾಗಿ ಒಂದು ಸುತ್ತು ಮುಂದಕ್ಕೆ ತಿರುಗಿಸಿ. ಮೋಟಾರು ದಂಡದ ಒಂದು ಸುತ್ತಿಗೆ 28 ಎಣಿಕೆ ಬರುವ ಎನ್‌ಕೋಡರ್, 20ಕ್ಕೆ 1ರ ಗೇರ್‌ಬಾಕ್ಸ್ ಇದ್ದು ಚಕ್ರ ನೇರವಾಗಿ ಅದಕ್ಕೆ ಜೋಡಣೆಯಾಗಿದ್ದರೆ 560ರ ಆಸುಪಾಸು ಏರಬೇಕು. ಏರದಿದ್ದರೆ ನಾಲ್ಕು ಪಿನ್ನಿನ ತಂತಿಯನ್ನು ಬದಲಿಸಿ, ಇಳಿದರೆ ದಿಕ್ಕಿನ ಸೆಟ್ಟಿಂಗ್ ನೋಡಿ, ಕೆಲವೊಮ್ಮೆ ಏರಿ ಕೆಲವೊಮ್ಮೆ ನಿಂತರೆ ಪಿನ್ನುಗಳ ಹಿಡಿತ ಸಡಿಲವಾಗಿದೆ.

ಒಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ. ಹಬ್‌ನ 0 ಮತ್ತು 3ನೇ ಮೋಟಾರು ಪೋರ್ಟುಗಳಲ್ಲಿ ಎನ್‌ಕೋಡರ್ ಎಣಿಸಲು ಪ್ರತ್ಯೇಕ ಹಾರ್ಡ್‌ವೇರ್ ಇದೆ. 1 ಮತ್ತು 2ರಲ್ಲಿ ಆ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಸಾಮಾನ್ಯ ಮೋಟಾರಿಗೆ ಇದರಿಂದ ತೊಂದರೆಯಿಲ್ಲ: ನಿಮಿಷಕ್ಕೆ 6000 ಸುತ್ತಿನ ವೇಗದಲ್ಲೂ ಸೆಕೆಂಡಿಗೆ 2800 ಎಣಿಕೆ ಮಾತ್ರ. ಆದರೆ ಸುತ್ತಿಗೆ 8192 ಎಣಿಕೆ ಕೊಡುವ ಥ್ರೂ ಬೋರ್ ಎನ್‌ಕೋಡರನ್ನು ಸ್ಥಾನ ಅಳೆಯಲು ಬಳಸುವವರು 0 ಮತ್ತು 3ನ್ನೇ ಆರಿಸಬೇಕು, ಇಲ್ಲವಾದರೆ ವೇಗ ಹೆಚ್ಚಿದಾಗ ಎಣಿಕೆಗಳು ತಪ್ಪಿಹೋಗಿ ರೋಬೋಟ್ ದಾರಿ ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಮೋಟಾರು ಬಿಸಿಯಾಗಿ ಬಲಗುಂದುತ್ತಿದ್ದರೆ ಯಂತ್ರಭಾಗವೇ ಕಾರಣ. ಪ್ರತಿ ಮೋಟಾರಿನ ಕರೆಂಟನ್ನು ಹಬ್ ಅಳೆದು ಕೊಡುತ್ತದೆ. ಚಕ್ರಗಳನ್ನು ಎತ್ತಿ ಹಿಡಿದು ಒಂದೇ ಪವರಿನಲ್ಲಿ ನಾಲ್ಕನ್ನೂ ಓಡಿಸಿ ಹೋಲಿಸಿ. ಉಳಿದ ಮೂರಕ್ಕಿಂತ ಸ್ಪಷ್ಟವಾಗಿ ಹೆಚ್ಚು ಎಳೆಯುವ ಮೋಟಾರಿನ ಬಳಿ ಬಿಗಿಯಾದ ಬೇರಿಂಗ್, ಓರೆಯಾದ ದಂಡ ಅಥವಾ ಅತಿಯಾಗಿ ಬಿಗಿದ ಚೈನ್ ಇರುತ್ತದೆ. ಒಂದೇ ದಂಡವನ್ನು ಎರಡು ಮೋಟಾರುಗಳು ತಿರುಗಿಸುವ ಲಿಫ್ಟುಗಳಲ್ಲಿ ಒಂದರ ದಿಕ್ಕು ತಪ್ಪಿದ್ದರೆ ಅವು ಪರಸ್ಪರ ಜಗ್ಗಾಡುತ್ತವೆ. ಮೊದಲು ಒಂದರ ತಂತಿ ತೆಗೆದು ಇನ್ನೊಂದನ್ನು ಕಡಿಮೆ ಪವರಿನಲ್ಲಿ ಓಡಿಸಿ ದಿಕ್ಕನ್ನು ಖಚಿತಪಡಿಸಿಕೊಳ್ಳಿ.

ಹಂತ 7: ದೋಷವನ್ನು ಮರಳಿ ಬರಿಸಲು ಪ್ರಯತ್ನಿಸಿ

ದುರಸ್ತಿಯ ನಂತರ ರೋಬೋಟ್ ಚೆನ್ನಾಗಿ ಓಡಿತೆಂದರೆ ದೋಷ ಹೋಯಿತೆಂದಲ್ಲ. ದೋಷ ಮೊದಲು ಯಾವ ಸಂದರ್ಭದಲ್ಲಿ ಬಂದಿತ್ತೋ ಅದನ್ನೇ ಬೇಕೆಂದು ಸೃಷ್ಟಿಸಿ: ಗೋಡೆಗೆ ಒತ್ತಿಕೊಂಡು ಕೆಲವು ಕ್ಷಣ ತಳ್ಳಿಸಿ, ತೋಳಿಗೆ ಮೆತ್ತನೆಯ ತಡೆ ಒಡ್ಡಿ, ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಓಡಿಸಿ, ಸ್ವಯಂಚಾಲಿತ ಪ್ರೋಗ್ರಾಮಿನ ನಡುವೆ ಸ್ಟಾಪ್ ಒತ್ತಿ. ಪೂರ್ತಿ ಎರಡೂವರೆ ನಿಮಿಷದ ಓಟಗಳನ್ನು ನಡುವೆ ಆಫ್ ಮಾಡದೆ ಸತತವಾಗಿ ನಡೆಸಿ, ಪ್ರತಿ ಓಟದ ಕನಿಷ್ಠ ವೋಲ್ಟೇಜನ್ನೂ ಅತಿ ದೀರ್ಘ ಸುತ್ತಿನ ಸಮಯವನ್ನೂ ಬರೆದಿಡಿ. ಆಮೇಲೆ ಮಾಡಿದ ದುರಸ್ತಿಯನ್ನು ಒಮ್ಮೆ ಹಿಂತೆಗೆದು ನೋಡುವುದೂ ಅಗತ್ಯ. ಹಳೆಯ ತಂತಿಯನ್ನು ಮತ್ತೆ ಹಾಕಿದಾಗ ದೋಷ ಮರಳಿ ಬಂದರೆ ಕಾರಣ ಸಿಕ್ಕಿದೆ; ಬಾರದಿದ್ದರೆ ಬದಲಿಸಿದ್ದು ಬೇರೆ, ಕೆಟ್ಟಿದ್ದು ಬೇರೆ, ಮತ್ತು ಪತ್ತೆಯನ್ನು ಲಾಗ್ ಕಡತದಿಂದ ಪುನಃ ಆರಂಭಿಸಬೇಕು.